ಆಣೆ ಬಿಟ್ಟು ಸೂಜಿ ಹಿಡಿದ ಮಾವ

ಇವತ್ತು ಯಾದಗಿರಿಯ ದವಾಖಾನೆಯಲ್ಲಿ ರಕ್ತ ಪರೀಕ್ಷೆಗೆಂದು ತೋಳು ಚಾಚಿ ಕೂತಿದ್ದೆ. ನರ್ಸಮ್ಮ ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿದಳು. ಆ ವಾಸನೆಗೆ ನನಗೆ ನಗು ಬಂತು. ಸೂಜಿ ಕಂಡರೆ ಕಣ್ಣು ಮುಚ್ಚುವ ನನ್ನಂಥ ಪುಕ್ಕಲ ನಗುವುದೆಂದರೆ, ಅದಕ್ಕೆ ನಮ್ಮ ಸೋದರಮಾವನೇ ಕಾರಣ.

ಮಾವನದು ಶಹಾಪುರದಲ್ಲಿ ಬಟ್ಟೆ ಅಂಗಡಿ. ಟವೆಲ್ಲಿಗೆ ಬಂದವರಿಗೆ ಸೀರೆ ಕಟ್ಟಿ ಕಳಿಸುವ ಮಾತುಗಾರ. ಆದರೆ ಸಂಜೆಯಾಯಿತೆಂದರೆ ಕುಡಿತ. ಅತ್ತೆ ಅವನನ್ನು ಕೊಡೇಕಲ್ ಗುಡಿಗೆ ಕರೆದೊಯ್ದು ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದಳು. ನಾನೂ ನನ್ನ ತಲೆ ಮುಟ್ಟಿಸಿ ಆಣೆ ಇಡಿಸಿಕೊಂಡೆ. ಕೂದಲು ಉದುರಿದ್ದು ಅದರಿಂದಲೇ ಎಂಬ ಗುಮಾನಿ ನನಗೆ ಈಗಲೂ ಇದೆ. ಆಣೆ ಮುರಿದರೆ ಪಾಪ, ಹೇಳಿದರೆ ರಂಪ. ಹಾಗಾಗಿ ಮಾವ ಕುಡಿಯುವುದನ್ನು ಬಿಡಲಿಲ್ಲ, ಹೇಳುವುದನ್ನು ಬಿಟ್ಟ. ಕೊನೆಗೆ ಅತ್ತೆ ತವರೂರು ದೇವಾಪುರಕ್ಕೆ ಹೊರಡಲು ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಳು. "ಇದೊಂದು ಸಲ ನೋಡ್ತೀನ್ರಿ. ಹೋದ್ನೆಂದ್ರ ತಿರುಗಿ ಬರಂಗಿಲ್ಲ," ಅಂದಳು.

ಆಗ ನಾನೇ ಅವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಮೊದಲು ದಿನಕ್ಕೊಂದು ಗುಳಿಗೆ ಕೊಟ್ಟರು; ಅವನ್ನೆಲ್ಲ ಮಾವ ತುಳಸಿ ಕಟ್ಟೆಗೆ ಉಣಿಸಿದ. ಆಮೇಲೆ ತಿಂಗಳಿಗೊಂದು ಸೂಜಿ ಎಂದಾಯಿತು. ಮಾವ ಸ್ನಾನ ಮಾಡಿ, ವಿಭೂತಿ ಧರಿಸಿ, ಉಪವಾಸವಿದ್ದು ಬಂದು ಸೂಜಿಯ ಮುಂದೆ ಕೈಮುಗಿದ.

"ಯಜಮಾನ್ರ, ಇದು ಆಣಿ ಅಲ್ರಿ, ಔಷಧ," ಡಾಕ್ಟರು ನಕ್ಕರು.

"ಇದರ ಮ್ಯಾಲ ಕುಡಿದ್ರ ಏನಾಗ್ತದ್ರಿ? ಸಾಯ್ತೀನೇನು?"

"ಇಲ್ರಿ. ಮೊದಲಿನ ಮಜಾ ಬರಂಗಿಲ್ಲ. ಆಸೆನೂ ಕಡಿಮಿ ಆಗ್ತದ. ಅಕಸ್ಮಾತ್ ಕುಡಿದ್ರ ಮುಚ್ಚಿಡಬ್ಯಾಡ್ರಿ, ಬಂದು ಹೇಳ್ರಿ."

ಸೊಂಟದ ಕೆಳಗೆ ಸ್ಪಿರಿಟ್ ಹಚ್ಚುತ್ತಿದ್ದಂತೆ ಮಾವ ನನ್ನತ್ತ ತಿರುಗಿ, "ಇಷ್ಟು ವರ್ಷ ಒಳಗ ಹಾಕ್ಕೊಂಡೆ, ಈಗ ಹೊರಗ ಹಚ್ಚಾಕತ್ತಾರ ನೋಡಪಾ," ಅಂದ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಮಗ್ಗುಲಲ್ಲಿ ಕೂತಿದ್ದ.

ಮೂರನೆಯ ಸೂಜಿಯ ನಂತರ ಒಂದು ಸಂಜೆ ಗೆಳೆಯರ ಜೊತೆ ಕುಡಿದೇಬಿಟ್ಟ. ಅರ್ಧಕ್ಕೆ ಲೋಟ ಇಟ್ಟು ನೇರ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ.

"ಕುಡಿದೀನಿ ನೋಡು. ಬರೇ ಕಹಿ. ಸುಳ್ಯಾಕ ಹೇಳ್ಲಿ," ಅಂದ.

ಅತ್ತೆ ಬಾಗಿಲ ಹಿಂದಿನ ಚೀಲ ಎಳೆದು ಸೀರೆಗಳನ್ನು ಒಂದೊಂದಾಗಿ ಟ್ರಂಕಿಗೆ ಹಾಕಿದಳು. "ನೀವಾಗೇ ಹೇಳಿದ್ದು ಇದ ಮೊದಲ್ರಿ," ಅಂದಳು.

ಇವತ್ತು ರಕ್ತ ಕೊಟ್ಟಾದ ಮೇಲೆ ತೋಳಿಗೆ ಹತ್ತಿ ಒತ್ತಿಕೊಂಡೇ ಮಾವನಿಗೆ ಫೋನು ಹಚ್ಚಿದೆ.

"ನಿನ್ನೆ ಸುರಪುರದಾಗ ಮದುವಿ ಮನ್ಯಾಗ ಕುಡೀಬೇಕು ಅನಿಸ್ತಪಾ. ನಿಮ್ಮತ್ತಿ ಕಿವ್ಯಾಗ ಹೇಳಿದೆ. ಊಟ ಮುಗಿಸಿ ಲಗೂನ ಎದ್ದು ಬಂದ್ವಿ," ಅಂದ.

ಮೊದಲಾಗಿದ್ದರೆ ಫೋನಿನಲ್ಲೇ ಆಣೆ ಮಾಡಿಸುತ್ತಿದ್ದೆ.

"ಊಟಕ್ಕ ಏನ್ ಮಾಡಿದ್ರು ಮಾವಾ?" ಎಂದು ಕೇಳಿದೆ.