ನಡುವೆಯೇ ಊದಿದ ಭೈರವಿ

ಬೆಂಗೇರಿಯ ಹುಲಗಪ್ಪನಿಗೆ ಸಿಟ್ಟು ಬಂದರೆ ಓಣಿಯ ನಾಯಿ ಕೂಡ ಹಾದಿ ಬದಲಿಸುತ್ತಿತ್ತಂತೆ. ನಾಯಿಯ ಮಾತು ಸುಳ್ಳಿರಬಹುದು, ಸಿಟ್ಟಿನ ಮಾತು ಸುಳ್ಳಲ್ಲ. ಹೆಂಡತಿ ದುರಗವ್ವನ ಮೇಲೆ ಸಿಟ್ಟು, ಸಾರಿನ ಮೇಲೆ ಸಿಟ್ಟು, ತಾಳ ತಪ್ಪಿದ ಬ್ಯಾಂಡಿನವರ ಮೇಲೆ ಸಿಟ್ಟು. ಆದರೆ ಮದುವೆಗೆ ಬ್ಯಾಂಡು ಗೊತ್ತುಮಾಡಲು ಸಾವುಕಾರರು ಯಾರಾದರೂ ಬಂದು ನಿಂತರೋ, ಆ ಸಿಟ್ಟೆಲ್ಲ ಕೋಟಿನ ಕಿಸೆಗಿಳಿದು ಬಾಯಲ್ಲಿ "ಹ್ಞೂಂರಿ, ಆತ್ರಿ" ಅಷ್ಟೇ ಉಳಿಯುತ್ತಿತ್ತು.

"ಹೊರಗ ಬೆಣ್ಣಿ, ಒಳಗ ಬೆಂಕಿ," ಅನ್ನುತ್ತಿದ್ದಳು ದುರಗವ್ವ. "ಬೆಣ್ಣಿ ಊರಿಗೆ, ಬೆಂಕಿ ನನಗ."

ಅವನ ಅಪ್ಪ ಚರ್ಮದ ಹಲಗೆ ಬಾರಿಸುವವನು. ಊರಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಅವನ ಹಲಗೆ. ಮಣ್ಣು ಮುಗಿಸಿ ಬಂದ ಮೇಲೆ ಅಂಗಳದಾಚೆ ನಿಂತು ಧೋತರದ ಚುಂಗು ಒಡ್ಡಬೇಕು. ಕೈಗೆ ಕೈ ತಾಕದ ಹಾಗೆ ಮೇಲಿನಿಂದ ಜೋಳ ಸುರಿಯುತ್ತಿದ್ದರು. ಚೆಲ್ಲಿದ ಕಾಳು ಆರಿಸುವುದು ಹುಲಗಪ್ಪನ ಪಾಲಿಗೆ. ಓಣಿಯವರು ಬುದ್ಧನ ದೀಕ್ಷೆ ತೆಗೆದುಕೊಂಡ ವರ್ಷ ಅವನು ಆಣೆ ಮಾಡಿದ, ಇನ್ನು ಹಲಗೆ ಮುಟ್ಟುವುದಿಲ್ಲ ಎಂದು. ಕ್ಲಾರಿನೆಟ್ ಕಲಿತ. ಕೆಂಪು ಕೋಟು ಹೊಲಿಸಿದ. ತನ್ನದೇ ಬ್ಯಾಂಡು ಕಟ್ಟಿದ.

ಅರವತ್ತೇಳರ ಡಿಸೆಂಬರಿನಲ್ಲಿ ಕೊಯ್ನಾದ ಕಡೆ ಭೂಮಿ ನಡುಗಿ ಊರಿಗೆ ಊರೇ ಬಿದ್ದವು. ಅಲ್ಲಿಯವರಿಗೆ ನೆರವು ಮಾಡಲು ಹುಬ್ಬಳ್ಳಿಯಲ್ಲಿ ಒಂದು ಸಮಿತಿ ಎದ್ದು, ಬಯಲಿನಲ್ಲಿ ದೊಡ್ಡ ಸಂಗೀತ ಸಭೆ ಇಟ್ಟಿತು. ಮೊದಲು ಹುಲಗಪ್ಪನ ಬ್ಯಾಂಡು, ಆಮೇಲೆ ಧಾರವಾಡದ ಸುಲಭಾಬಾಯಿಯವರ ಗಾಯನ. ಮದುವೆ ಮೆರವಣಿಗೆಯಲ್ಲಿ ಧೂಳು ಕುಡಿದ ಬ್ಯಾಂಡಿಗೆ ಮೊದಲ ಸಲ ವೇದಿಕೆ! ಓಣಿಗೆ ಓಣಿಯೇ ಹಿಗ್ಗಿತು.

ಆಗ ಸಮಿತಿಯ ಕಾರ್ಯದರ್ಶಿ, ಅರಿವೆ ಅಂಗಡಿಯ ಗುರುಶಿದ್ದಪ್ಪ, ತಾಲೀಮಿನ ಹೊತ್ತಿಗೆ ಬಂದ.

"ಹುಲಗಪ್ಪಾ, ನಾಕು ಹಾಡು ನಿನಗ ತಿಳದಾವು ಊದು. ಆಮ್ಯಾಗ ಕ್ವಾಟು ತಗದಿಟ್ಟು, ಕಾಲಿಗೆ ಗೆಜ್ಜಿ ಕಟಗೊಂಡು ನಿಮ್ಮ ಹಲಗಿ ಒಂದೀಟ ಆಗ್ಲಿ. ಮಂದಿಗೆ ಅದ ಬೇಕು."

"ಹ್ಞೂಂರಿ, ಸಾವಕಾರ್ರ," ಎಂದ ಹುಲಗಪ್ಪ.

ಗುರುಶಿದ್ದಪ್ಪನ ಟಾಂಗಾ ಓಣಿ ದಾಟಿತೋ ಇಲ್ಲವೋ, ಹುಲಗಪ್ಪ ಒದ್ದ ಸ್ಟೂಲು ಹೋಗಿ ಗೋಡೆಗೆ ಬಡಿಯಿತು.

"ಕ್ವಾಟ್ ತಗೀಬೇಕಂತ! ಊದೂದು ಪ್ಯಾಟಿದಂತ, ಹಲಗಿ ನಮ್ಮದಂತ!"

ಸೈಡ್ ಡ್ರಮ್ ಬಾರಿಸುವ ಅಣ್ಣನ ಮಗ ಮಹಾದೇವಪ್ಪ ಸುಮ್ಮನಿರಲಿಲ್ಲ. "ಕಾಕಾ, ಹೆಣದ ಮುಂದ ಕರ್ಯಾಕತ್ತಿಲ್ಲ, ಸ್ಟೇಜಿನ ಮ್ಯಾಲ ಕರ್ಯಾಕತ್ತಾರ. ಅಜ್ಜನ ಕೈ ನನಗ ಬಂದೈತಿ. ನಾ ಬಾರಸ್ತೇನಿ."

"ನನ್ನ ಬ್ಯಾಂಡಿನಾಗ ಇರೂತನಕ ಇಲ್ಲ!"

"ಹಂಗಾರ ಹ್ಞೂಂ ಅಂತ ಯಾಕ ಅಂದಿ?"

ದೊಡ್ಡ ಡೋಲಿನ ಲಾಲಸಾಬ ಮೆಲ್ಲಗೆ ನುಡಿದ: "ಹೊಸಾ ಸಿನಿಮಾದ ಹಾಡು ನಾಕೂ ಊದೂಣ ಮಾಸ್ತರ. ಮಂದಿ ಕುಣಕೋಂತ ಹಲಗಿ ಮರತ ಬಿಡ್ತಾರ."

"ನಿನ್ನ ಡೋಲಿಗಿಂತ ನಿನ್ನ ತಲಿ ಖಾಲಿ!"

ದುರಗವ್ವ ಬಾಗಿಲಿಗೆ ಬಂದು ನಿಂತಳು. "ಗ್ವಾಡಿ ಮುಂದ ಒದರಿದ್ರ ಗ್ವಾಡಿ ಏನ ಮಾಡ್ತೈತಿ? ಒಲ್ಲೆ ಅನ್ನೂದು ಅವರ ಮುಂದ ಅನಬೇಕಿತ್ತು."

ಹುಲಗಪ್ಪ ಅವಳಿಗೂ ಬೈದ. ಬೈಯುತ್ತ ಬೈಯುತ್ತಲೇ ಹಾಡು ಆರಿಸಿದ. ಮೊದಲು ಮೆರವಣಿಗೆಯ ನಡಿಗೆಯದು, ಎರಡನೆಯದು ಲಾಲಸಾಬನ ಸಿನಿಮಾದ್ದು, ಮೂರನೆಯದು ಒಂದು ವಚನ. ನಾಲ್ಕನೆಯದಕ್ಕೆ ಬಂದಾಗ ಅವನ ಮುಖದಲ್ಲಿ ಕೆಟ್ಟ ನಗೆಯೊಂದು ಮೂಡಿತು.

"ನಾಕನೇದು ಭೈರವಿ."

ಎಲ್ಲರೂ ಬಾಯಿ ತೆರೆದು ಕುಳಿತರು. ನಮ್ಮ ಕಡೆ ಭೈರವಿ ರಾಗ ಎಂದರೆ ಮುಗಿಯಿತು ಎಂದೇ ಅರ್ಥ. ಎಂಥ ದೊಡ್ಡ ಸಂಗೀತ ಬೈಠಕ್ಕಾದರೂ ಕೊನೆಗೆ ಭೈರವಿ; ಅದಾದ ಮೇಲೆ ಯಾರೂ ಹಾಡುವುದಿಲ್ಲ, ಯಾರೂ ಬಾರಿಸುವುದಿಲ್ಲ.

"ಭೈರವಿ ಆದ ಮ್ಯಾಲ ಹಲಗಿ ಹ್ಯಾಂಗ ಬಾರಸ್ತಾರ, ನೋಡೇ ಬಿಡ್ತೇನಿ," ಎಂದ ಹುಲಗಪ್ಪ.

ಸಭೆಯ ಸಂಜೆ ಬಯಲು ತುಂಬಿತ್ತು. ಮೂರು ಹಾಡಿಗೆ ಚಪ್ಪಾಳೆ ಬಿತ್ತು. ನಾಲ್ಕನೆಯದು ಎತ್ತಿದಾಗ ಮುಂದಿನ ಜಮಖಾನೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಸಿಟ್ಟಿನಲ್ಲಿ ಊದಿದ್ದೋ ಏನೋ, ಭೈರವಿ ಕರುಳು ಹಿಂಡುವಂತೆ ಬಂತು. ಅದು ನಿಂತ ಕೂಡಲೇ ಆದದ್ದು ನೋಡಬೇಕು! ಒಬ್ಬರು ಕೈ ಮುಗಿದು ಎದ್ದರು. ಇನ್ನೊಬ್ಬರು ಶಾಲು ಹೊದ್ದರು. "ಲಗೂನ ಮುಗೀತಲ್ಲ," ಎನ್ನುತ್ತ ಬಯಲಿನ ಅರ್ಧ ಮಂದಿ ಚಪ್ಪಲಿ ಹುಡುಕತೊಡಗಿದರು.

"ಕೂಡ್ರಿ, ಕೂಡ್ರಿ! ಮುಗದಿಲ್ರಿ!" ಗುರುಶಿದ್ದಪ್ಪ ಮೈಕಿನಲ್ಲಿ ಅರಚಿದ. "ಇನ್ನೂ ಹಲಗಿ ಐತ್ರಿ! ಬಾಯಾರ ಹಾಡೂ ಐತ್ರಿ!"

ವೇದಿಕೆಯ ಹಿಂದೆ ಸುಲಭಾಬಾಯಿಯವರು ಹುಲಗಪ್ಪನನ್ನು ತಡೆದು ನಿಲ್ಲಿಸಿದರು. ತಲೆ ನರೆತ ಹೆಂಗಸು, ಕಣ್ಣು ಕೆಂಡ.

"ಮಾಸ್ತರ, ತಲಿ ಕೆಟ್ಟೈತೇನ್ರಿ? ಭೈರವಿ ಊದಿಬಿಟ್ರಿ, ಇನ್ನ ನಾ ಏನ ಹಾಡ್ಲಿ?"

"ಬಾಯಾರ, ನಿಮ್ಮ ಹಾಡು ಮುಗದ ಮ್ಯಾಲ, ಸೀರಿ ಎತ್ತಿ ಕಟ್ಟಿ ಒಂದೀಟ ಕುಣೀರಿ, ಮಂದಿಗೆ ಅದ ಬೇಕು ಅಂದ್ರ ನೀವೇನ ಮಾಡ್ತಿದ್ರಿ?"

ಸುಲಭಾಬಾಯಿಯವರ ಮುಖ ಬಿಗಿದುಕೊಂಡಿತು. "ಅಂದಾರ್ರಿ. ಒಬ್ರಲ್ಲ, ಇಬ್ರಲ್ಲ. ಅಂದಾಂವನ ಮುಂದ ನಿಂತು ಒಲ್ಲೆ ಅಂದು ತಂಬೂರಿ ಎತಗೊಂಡು ಬಂದೇನಿ. ಮತ್ತೊಬ್ರ ಭೈರವಿ ಕಸಗೊಂಡಿಲ್ಲ. ನಿಮ್ಮನ್ನ ಕುಣಸಾಕ ಹೊಂಟಾಂವ ಅಲ್ಲಿ ನಿಂತಾನ. ನೀವು ಬಡದದ್ದು ನನಗ."

ಹುಲಗಪ್ಪ ತಿರುಗಿ ನೋಡಿದ. ವೇದಿಕೆಯ ಮೇಲೆ ಆಗಲೇ ಗುರುಶಿದ್ದಪ್ಪ ಎಲ್ಲಿಂದಲೋ ಒಂದು ಹಲಗೆ ತರಿಸಿದ್ದ. ಮಹಾದೇವಪ್ಪ ಕೋಟಿನ ಗುಂಡಿ ಬಿಚ್ಚುತ್ತಿದ್ದ. ಹುಲಗಪ್ಪ ಮೆಟ್ಟಿಲು ಹತ್ತಿ ಹೋಗಿ ಮೈಕಿನೆದುರೇ ನಿಂತ.

"ಸಾವಕಾರ್ರ, ನಮ್ಮ ಬ್ಯಾಂಡು ಹಲಗಿ ಬಾರಸೂದಿಲ್ರಿ."

ಮಾತು ಬಯಲಿಗೆಲ್ಲ ಕೇಳಿಸಿತು. ಚಪ್ಪಲಿ ಮೆಟ್ಟಿದವರೂ ನಿಂತರು. ಗುರುಶಿದ್ದಪ್ಪ ಮೈಕಿಗೆ ಕೈ ಅಡ್ಡ ಹಿಡಿದ. "ಆವತ್ತ ಹ್ಞೂಂ ಅಂದಿದ್ದಿ?"

"ಅಂದಿದ್ದೆರಿ. ಅಂಜಿ ಅಂದಿದ್ದೆ. ಈಗ ಒಲ್ಲೆ ಅನ್ನಾಕತ್ತೇನಿ."

"ಇನ್ನ ಯಾವ ಮದವಿಗೂ ನಿನ್ನ ಕರಿಯೂದಿಲ್ಲ, ನೆನಪಿಡು."

"ಕರೀಬ್ಯಾಡ್ರಿ."

ಕೆಂಪು ಕೋಟಿನವರು ಇಳಿದರು. ಸುಲಭಾಬಾಯಿಯವರು ಹಾಡಲು ಕುಳಿತರು. ಎದ್ದವರಲ್ಲಿ ಕೆಲವರು ಮರಳಿ ಕುಳಿತರು, ಕೆಲವರು ಭೈರವಿ ಆದ ಮೇಲೆ ಇನ್ನೇನು ಎಂದು ಮನೆಗೇ ಹೋದರು.

ಮರುದಿನ ಮಹಾದೇವಪ್ಪ ಬಾಗಿಲಿಗೆ ಬಂದು ನಿಂತು ಓಣಿ ಕೇಳುವಂತೆ ಕೂಗಿದ: "ಬಾರಸಾಂವ ನಾನು! ನನ್ನ ಒಂದ ಮಾತು ಕೇಳದ ಒಲ್ಲೆ ಅನ್ನಾಕ ನೀ ಯಾರ ಕಾಕಾ?"

ಹುಲಗಪ್ಪ ಈಗ ಏನು ಎತ್ತಿ ಒಗೆಯುತ್ತಾನೋ ಎಂದು ದುರಗವ್ವ ನೀರಿನ ಚರಿಗೆಯನ್ನು ಆಚೆ ಸರಿಸಿದಳು. ಅವನು ಏನನ್ನೂ ಒಗೆಯಲಿಲ್ಲ.

"ಕೇಳಬೇಕಿತ್ತು, ಖರೇ," ಎಂದ. "ನನ್ನ ಮುಂದ ನಿಂತು ಅಂದಿ, ಛಲೋ ಮಾಡಿದಿ. ಒಳಗ ಬಾ. ಉಳಿದದ್ದು ಕುಂತು ಬೈಯಿ."

ಮಹಾದೇವಪ್ಪ ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತೇ ಬೈದ. ಹುಲಗಪ್ಪ ಕುಳಿತು ಪೂರ್ತಿ ಕೇಳಿದ.