ನಾನು ಟೈಪಿಸಿದ್ದು ನನಗೇ ಕಾಣಲಿಲ್ಲ

ಹಳೆಯ ಮೋಡೆಮ್ ಕಿರುಚುವುದನ್ನು ಕೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಟೆಲಿಫೋನ್ ತಂತಿಯ ಮೇಲೆ ಎರಡು ಕಂಪ್ಯೂಟರ್‌ಗಳನ್ನು ಮಾತಾಡಿಸುವ ಆ ಪೆಟ್ಟಿಗೆಯನ್ನು ಕೊಟ್ಟೂರಿನ ನಮ್ಮ ಮನೆಯಲ್ಲಿ ಪ್ರೀತಿಸುವವನು ನಾನೊಬ್ಬನೇ. ಕಳೆದ ಭಾನುವಾರ ನನ್ನ ಹೆಂಡತಿ ಗಿರಿಜಾ ಖಡಾಖಂಡಿತವಾಗಿ ಹೇಳಿಬಿಟ್ಟಳು: “ಇವತ್ತು ಗುಜರಿಯವ ಬರ್ತಾನ. ಅಷ್ಟರಾಗ ನಿಮ್ಮ ಪೆಟ್ಟಿಗಿ ಮಾತಾಡಿದ್ರ ಇರ್ಲಿ, ಇಲ್ಲಾಂದ್ರ ಕಂಪ್ಯೂಟರ್ ಸಮೇತ ಸಾಗಹಾಕ್ತೀನಿ.”

ಹಿರೇಹಡಗಲಿಯಲ್ಲಿರುವ ಅವಳ ತಮ್ಮ ಕೊಟ್ರೇಶನಿಗೂ ನನ್ನದೇ ಹುಚ್ಚು. ಅವನಲ್ಲೂ ಒಂದು ಮೋಡೆಮ್, ಲಿನಕ್ಸ್ ಎಂಬ ತಂತ್ರಾಂಶದ ಮೇಲೆ ಓಡುವ ಒಂದು ಹಳೆಯ ಕಂಪ್ಯೂಟರ್, ಹಟಕ್ಕೆ ಉಳಿಸಿಕೊಂಡ ಲ್ಯಾಂಡ್‌ಲೈನ್ ಇವೆ. ಅವನ ಮೋಡೆಮ್‌ಗೆ ಡಯಲ್ ಮಾಡುತ್ತೇನೆಂದು ಸುದ್ದಿ ಮುಟ್ಟಿಸಿ ಕೂತೆ. ಮೊದಲ ಏಟಿಗೇ ನನ್ನ ಕಂಪ್ಯೂಟರ್ ‘ಮೋಡೆಮ್ ಮುಟ್ಟಲು ನಿನಗೆ ಅನುಮತಿ ಇಲ್ಲ’ ಎಂದಿತು. ಅಲ್ರೀ, ದಿನಾ ಧೂಳು ಒರೆಸುವವನಿಗೇ ಅನುಮತಿ ಇಲ್ಲವೆಂದರೆ! ಲಿನಕ್ಸಿನ ಸ್ವಭಾವವೇ ಹಾಗೆ, ಮನೆಯ ಯಜಮಾನನನ್ನೂ ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುತ್ತದೆ. ಅನುಮತಿ ಉಳ್ಳವರ ಗುಂಪಿಗೆ ನನ್ನ ಹೆಸರು ಸೇರಿಸಿ ಮತ್ತೆ ಲಾಗಿನ್ ಆದೆ. ಆಮೇಲೆ ‘ಡಯಲ್ ಟೋನ್ ಇಲ್ಲ’. ನೋಡಿದರೆ ಅಡುಗೆಮನೆಯ ಫೋನಿನ ರಿಸೀವರ್ ಸರಿಯಾಗಿ ಕೂತಿರಲಿಲ್ಲ. ಕೂರಿಸಿ ಬಂದು ಡಯಲ್ ಮಾಡಿದೆ. ಕೀಂ... ಕರ್‌ರ್‌... ಪರದೆಯ ಮೇಲೆ ‘ಕನೆಕ್ಟ್’! ಕುರ್ಚಿಯಿಂದ ಎಗರಿಬಿಟ್ಟೆ.

ಆದರೆ ಆಮೇಲೆ ಟೈಪಿಸಿದ ಒಂದಕ್ಷರವೂ ಕಾಣಲಿಲ್ಲ. ‘ಕೊಟ್ರೇಶ’ ಎಂದೆ, ಪರದೆ ಬೋಳು. ಅತ್ತಲಿಂದಲೂ ಉತ್ತರವಿಲ್ಲ. ಬೀದಿಯ ತುದಿಯಲ್ಲಿ ಗುಜರಿಯವನ ಕೂಗು ಕೇಳಿಸಿತು. ಅಯ್ಯೋ, ಮುಗಿಯಿತು ಕಥೆ! ಹೇಗೂ ಯಾರಿಗೂ ಕಾಣುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮಾತನ್ನು ಕುಟ್ಟಿದೆ: ‘ಪೆಟ್ಟಿಗಿ ಹೋದ್ರ ಹೋಗ್ಲಿ. ಇಷ್ಟು ವರ್ಷ ಈ ಕಿರುಚಾಟ ತಡ್ಕೊಂಡಾಳ ನಿಮ್ಮಕ್ಕ. ಆಕಿ ಒಂದಿನ ಊರಿಗೆ ಹೋದ್ರೂ ಮನಿ ಬಿಕೋ ಅಂತತಿ. ಆಕಿ ಮುಂದ ಹೇಳಾಕ ನಾಚಿಕಿ.’

ಅಂಗಳದಲ್ಲಿ ಗಿರಿಜಾಳ ಮೊಬೈಲ್ ಬಡಿದುಕೊಂಡಿತು. ಸ್ಪೀಕರಿನಲ್ಲಿ ಕೊಟ್ರೇಶ, ನಾನು ಕುಟ್ಟಿದ್ದನ್ನು ಅಕ್ಷರ ಬಿಡದೆ ಓದುತ್ತಿದ್ದ! ಎಲ್ಲವೂ ಅವನಿಗೆ ಮುಟ್ಟಿತ್ತು, ಕಾಣದಿದ್ದದ್ದು ನನಗೊಬ್ಬನಿಗೆ. ಓಡಿಹೋಗಿ ಕೂಗಿದೆ: “ಮತ್ತ ಸುಮ್ನ ಯಾಕ ಕುಂತಿದ್ಯಲೇ?”

“ನೀವು ಮಾತಾಡಾಕತ್ತಿದ್ರಿ ಮಾವ, ನಡುವ ಬಾಯಿ ಹಾಕಾದು ಹೆಂಗ್ರಿ?”

ಗುಜರಿಯವ ಬಾಗಿಲಿಗೆ ಬಂದ. ಗಿರಿಜಾ ಅವನಿಗೆ ಒಡೆದ ಬಕೆಟ್ ಒಂದನ್ನೇ ಕೊಟ್ಟು ಕಳಿಸಿದಳು. “ಪೆಟ್ಟಿಗಿ ಇರ್ಲಿ,” ಎಂದಳು ನನ್ನ ಮುಖ ನೋಡದೆ, “ಅದರ ಮುಂದರ ಬಾಯಿ ಬಿಡ್ತೀರಲ್ಲ.”

ಟೈಪಿಸಿದ್ದು ನಮಗೂ ಕಾಣಬೇಕೆಂದರೆ ಮೋಡೆಮ್ ನಡೆಸುವ ಪ್ರೋಗ್ರಾಮಿನಲ್ಲಿ ಎರಡು ಕೀಲಿ ಒತ್ತಿದರೆ ಸಾಕು ಎಂದು ಆಮೇಲೆ ತಿಳಿಯಿತು. ಅಂದು ಕಂಡಿದ್ದರೆ ಖಂಡಿತ ಅಷ್ಟೆಲ್ಲ ಕುಟ್ಟುತ್ತಿರಲಿಲ್ಲ. ನಾನಿನ್ನೂ ಆ ಕೀಲಿಗಳನ್ನು ಒತ್ತಿಲ್ಲ.