ಮುನ್ನುಡಿ ಬರೆಯಲು ಹೋದ ಬಾಕ್ಸರ್

ಆಟಗಾರರ ಬಾಯಿಂದ ಮಾತು ಹೊರಡಿಸುವುದು ಕಲ್ಲಿನಲ್ಲಿ ನಾರು ತೆಗೆದಂತೆ ಎಂದು, ಪತ್ರಿಕೆ ಬಿಟ್ಟು ಅವರ ಆತ್ಮಕಥೆ ಬರೆಯಲು ಹೊರಟ ಕ್ರೀಡಾ ವರದಿಗಾರನಿಗೆ ಯಾರೂ ಹೇಳಿರಲಿಲ್ಲ. ಗೆದ್ದ ಪಂದ್ಯ ಹೇಗಿತ್ತೆಂದರೆ "ಚೆನ್ನಾಗಿತ್ತು" ಅನ್ನುವರು, ಸೋತದ್ದು ಹೇಗಿತ್ತೆಂದರೆ "ಚೆನ್ನಾಗಿರಲಿಲ್ಲ" ಅನ್ನುವರು. ಇಷ್ಟರಲ್ಲೇ ಇವನು ಮುನ್ನೂರು ಪುಟ ತುಂಬಿಸಬೇಕು.

ಬಾಲ್ಯದ ಅಧ್ಯಾಯವಂತೂ ದೊಡ್ಡ ತಲೆನೋವು. ಮೊದಲ ಪುಸ್ತಕ ಒಬ್ಬ ಬಾಕ್ಸರ್‌ನದು; ಅಮ್ಮನ ಬಗ್ಗೆ ಕೇಳಿದಾಗ ಅವನು ಕೈಗೆ ಪಟ್ಟಿ ಸುತ್ತುತ್ತ, "ನೀವೇ ಏನಾದ್ರೂ ಹಾಕಿ ಸಾರ್" ಎಂದ. ಇವನು ಕೆದಕಲಿಲ್ಲ, ತನ್ನ ಅಮ್ಮನನ್ನೇ ಹಾಕಿಬಿಟ್ಟ. ಚಿಕ್ಕಂದಿನಲ್ಲಿ ಲೆಕ್ಕದಲ್ಲಿ ನಪಾಸಾಗಿ ಅಳುತ್ತ ಬಂದ ಇವನನ್ನು ಆಕೆ ಬಾಗಿಲಲ್ಲೇ ತಡೆದು, ಬೀದಿ ಒಂದು ಸುತ್ತು ಓಡಿ ಬಾ, ಓಡುವಾಗ ಅಳೋಕಾಗಲ್ಲ ಎಂದಿದ್ದಳು. ನಿಜ ಹೇಳಬೇಕೆಂದರೆ ಆಕೆ ಆಗಷ್ಟೇ ನೆಲ ಒರೆಸಿದ್ದಳು. ಪುಸ್ತಕದಲ್ಲಿ ನೆಲದ ವಿಷಯ ಬಿಟ್ಟುಹೋಯಿತು, ಲೆಕ್ಕದ ಬದಲು ಪಂದ್ಯ ಬಂತು. ಓದಿದವರೆಲ್ಲ ಕಣ್ಣೊರೆಸಿಕೊಂಡರು.

ಅಲ್ಲಿಗೆ ನಿಲ್ಲಿಸಬೇಕಿತ್ತು ಪುಣ್ಯಾತ್ಮ. ಮುಂದೆ ಓಟಗಾರ್ತಿಯ ಆತ್ಮಕಥೆಯಲ್ಲೂ ಅದೇ ಅಮ್ಮ ಅದೇ ಬಾಗಿಲಲ್ಲಿ ನಿಂತಳು. ಆ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಪ್ರಕಾಶಕ ಇವನನ್ನು ಕೇಳದೆ, ಮುನ್ನುಡಿ ಬರೆದುಕೊಡಿ ಎಂದು ಪುಟಗಳನ್ನು ಬಾಕ್ಸರ್‌ಗೇ ಕಳಿಸಿದ. ಮುನ್ನುಡಿ ಬರೆಯುವವರು ಪುಸ್ತಕ ಓದುವುದಿಲ್ಲ ಎಂಬ ಧೈರ್ಯ ಇವನಿಗಿತ್ತು. ಬಾಕ್ಸರ್ ಓದಿಬಿಟ್ಟ.

ಮರುದಿನ ಬೆಳಿಗ್ಗೆ ಇವನ ಮನೆ ಬಾಗಿಲ ತುಂಬ ಬಾಕ್ಸರ್ ನಿಂತಿದ್ದ. ಅವನು ಹೊರಗೆ ಬಾಯಿಬಿಟ್ಟರೆ ಇನ್ನು ಯಾವ ಆಟಗಾರನೂ ಇವನನ್ನು ಹತ್ತಿರ ಸೇರಿಸುವುದಿಲ್ಲ, ಅನ್ನಕ್ಕೇ ಕಲ್ಲು. ಹಲ್ಲು ಉಳಿಯುವುದೂ ಅನುಮಾನ. ತಡವರಿಸುತ್ತ, ಅದು ತನ್ನ ಅಮ್ಮನ ಮಾತು, ಎರಡು ಕಡೆ ಹಾಕಿದ್ದು ತಪ್ಪಾಯಿತು ಎಂದು ಒಪ್ಪಿಕೊಂಡ.

ಬಾಕ್ಸರ್ ಬೈಯಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತ.

"ನಾನು ಕೂಸಾಗಿದ್ದಾಗ್ಲೇ ಅಮ್ಮ ತೀರಿಕೊಂಡ್ಲು ಸಾರ್. ಮುಖಾನೂ ನೆನಪಿಲ್ಲ. ನೀವು ಬರೆದಿದ್ದು ಓದಿ ಓದಿ, ಇವಳೇ ನಮ್ಮಮ್ಮ ಅನ್ನಿಸಿಬಿಟ್ಟಿದೆ. ಇವಳನ್ನ ಇನ್ನೊಬ್ಬರಿಗೆ ಕೊಡ್ಬೇಡಿ."

ಇವನಿಗೆ ನಾಚಿಕೆಯಾಯಿತು. ಅಡುಗೆಮನೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಬಂದು ಮಗನತ್ತ ತಿರುಗಿದಳು.

"ಆ ಓಟದ ಹುಡುಗಿಗೆ ಅವಳಮ್ಮ ಇದ್ದಾಳಲ್ಲ, ಹೋಗಿ ಕೇಳ್ಕೊಂಡು ಬಾ, ಸೋಮಾರಿ. ಇವನಿಗೆ ನಾನಿರ್ತೀನಿ."

ಆಮೇಲೆ ಬಾಕ್ಸರ್ ಪಕ್ಕ ಕೂತು, ತಿಂಡಿ ಆಯಿತಾ ಎಂದು ಕೇಳಿದಳು. ಹೊಟ್ಟೆ ತುಂಬ ತಿಂದೇ ಬಂದಿದ್ದ ಬಾಕ್ಸರ್, "ಇಲ್ಲಮ್ಮ" ಎಂದ.